ಹೆಸರೆತ್ತಬಾರದ ಕಲ್ಲು

ಡೋರ್ಕಸ್ ಲೆಂಗ್ ಬ್ರಿಡ್ಲಿಂಗ್ಟನ್ನಿನ ವಸತಿಗೃಹದ ಕೆಲಸ ಕಳೆದುಕೊಂಡದ್ದು ಒಬ್ಬ ಗಿರಣಿ ಯಜಮಾನರ ಬೆನ್ನಿನ ದೆಸೆಯಿಂದ. ಲೀಡ್ಸ್ ಕಡೆಯ ಆ ಮನುಷ್ಯ ಪ್ರತಿ ಬೇಸಿಗೆಯಲ್ಲೂ ಕಡಲ ಗಾಳಿಗೆಂದು ಬಂದು, ಕಡಲಿನ ಹತ್ತಿರವೂ ಸುಳಿಯದೆ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಕೊಂಡು ದೇವರ ಕೀರ್ತನೆ ಹಾಡುತ್ತಿದ್ದರು. ತೊಟ್ಟಿಯ ಅಂಚಿನಲ್ಲಿ ಅವರ ಸ್ನಾನದ ಸ್ಪಂಜು ಇರುತ್ತಿತ್ತು. ಡೋರ್ಕಸ್ ಆಗ ಇನ್ನೂ ಹುಡುಗಿ, ಸ್ಪಂಜು ಎಂಬುದನ್ನು ಅದುವರೆಗೆ ಕಂಡವಳಲ್ಲ. ತೊಟ್ಟಿ ಉಜ್ಜುವಾಗ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅರೆ, ಇದು ನಮ್ಮೂರ ಬಂಡೆಯೊಳಗಿನ ಕಂದು ಕಲ್ಲು! ಅದೇ ತೂತು, ಅದೇ ಬಲೆಯಂಥ ಮೈ, ಅದೇ ಹೊರಕ್ಕೆ ಬಾಗಿದ ತುಟಿ. ಮುಂದಿನ ರಜೆಯಲ್ಲಿ ಊರಿಗೆ ಬಂದವಳು ಅಂಥದೊಂದು ಕಲ್ಲನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಎರಡನ್ನೂ ತೊಟ್ಟಿಯ ಅಂಚಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದಳು.

ನೋಡಿದ ಮೇಲೆ ಕಲ್ಲನ್ನು ತೆಗೆಯಲು ಮರೆತುಹೋಯಿತು ಎಂದು ವಸತಿಗೃಹದ ಯಜಮಾನತಿಯ ಮುಂದೆ ಹೇಳಿದಳಂತೆ. ನನ್ನ ಮುಂದೆ ಹೇಳಿದ್ದು ಬೇರೆ: ಕಲ್ಲನ್ನು ಅಲ್ಲೇ ಬಿಟ್ಟು ಸ್ಪಂಜನ್ನು ತೆಗೆದಿಟ್ಟಿದ್ದಳು. ಕಣ್ಣಿಗೆ ಸೋಪು ಹೋಗಿದ್ದ ಗಿರಣಿ ಯಜಮಾನರು ಕೈಗೆ ಸಿಕ್ಕಿದ್ದನ್ನು ಹಿಡಿದು ಬೆನ್ನು ಉಜ್ಜಿಕೊಂಡರು. ಕೀರ್ತನೆ ಅರ್ಧಕ್ಕೇ ನಿಂತಿತು. ಅದರ ಬೆನ್ನಿಗೇ ಬಂದ ಸ್ವರ ಬೀದಿಯ ಆ ತುದಿಗೂ ಕೇಳಿಸಿತಂತೆ. ಅದೇ ದಿನ ಮಧ್ಯಾಹ್ನ ಡೋರ್ಕಸ್ ತನ್ನ ತಗಡಿನ ಪೆಟ್ಟಿಗೆಯ ಜೊತೆ ಸಾಮಾನಿನ ಗಾಡಿಯಲ್ಲಿ ಕೂತು ನಮ್ಮೂರು ಫ್ಲ್ಯಾಂಬರೋಗೆ ವಾಪಸು ಬಂದಳು. ಕೆಲಸ ಹೋದವಳ ಮುಖ ಅದಾಗಿರಲಿಲ್ಲ. ಗಾಡಿಯಿಂದ ಇಳಿಯುವಾಗಲೂ ನಗುತ್ತಿದ್ದಳು.

ನಾನು ಕೆಜಿಯಾ, ಅವಳ ಎದುರು ಮನೆಯವಳು. ನಮ್ಮಿಬ್ಬರ ಬಾಗಿಲುಗಳ ನಡುವೆ ಒಂದು ಓಣಿ ಮಾತ್ರ. ಅವಳ ಎಲ್ಲ ಕಿತಾಪತಿಗೂ ನಾನು ಮೊದಲ ಸಾಕ್ಷಿ, ಕೆಲವಕ್ಕೆ ಪಾಲುದಾರಳು.

ಆಮೇಲೆ ಅವಳು ಊರು ಬಿಡಲಿಲ್ಲ, ಮದುವೆಯನ್ನೂ ಆಗಲಿಲ್ಲ. ಅಪ್ಪ ಬಿಟ್ಟುಹೋದ ಮನೆಯಲ್ಲಿ ಒಬ್ಬಳೇ ಇದ್ದು, ಮೀನುಗಾರರಿಗೆ ಉಣ್ಣೆ ಅಂಗಿ ಹೆಣೆದು ಕೊಡುತ್ತಿದ್ದಳು. ಚಳಿಗಾಲದಲ್ಲಿ ನಮ್ಮೆಲ್ಲರ ಹಾಗೆ ಚಿಪ್ಪುಮೀನು ಬಿಡಿಸಿ ಎರೆಯಾಗಿ ಗಾಳದ ಹಗ್ಗಗಳಿಗೆ ಸಿಕ್ಕಿಸುತ್ತಿದ್ದಳು. ಉಳಿದ ಹೊತ್ತೆಲ್ಲ ಬಂಡೆಯ ಬುಡದಲ್ಲಿ. ಕಡಲು ಹಿಂದೆ ಸರಿದ ಕೂಡಲೇ ಸುತ್ತಿಗೆ, ಉಳಿ, ಗೋಣಿಚೀಲ ಹಿಡಿದು ಹೊರಟಳೆಂದರೆ ನೀರು ಕಾಲಿಗೆ ತಾಗುವವರೆಗೂ ಬರುತ್ತಿರಲಿಲ್ಲ.

ನಮ್ಮ ಬಂಡೆ ಅಂದರೆ ಬರೀ ಸೀಮೆಸುಣ್ಣ. ಕೈ ಒರಗಿಸಿದರೆ ಅಂಗೈ ಬೆಳ್ಳಗಾಗುತ್ತದೆ. ಆ ಬಿಳುಪಿನ ಮಧ್ಯೆ ಅಲ್ಲಲ್ಲಿ ತುಕ್ಕಿನ ಬಣ್ಣದ ಗೆರೆಗಳು: ಒಂದು ಕಡೆ ಹೂದಾನಿಯ ಹಾಗೆ, ಒಂದು ಕಡೆ ಆಲಿಕೆಯ ಹಾಗೆ, ಇನ್ನೊಂದು ಕಡೆ ಅಣಬೆಯ ಹಾಗೆ. ನಾವೆಲ್ಲ ಹುಟ್ಟಿದಾಗಿನಿಂದ ಅವುಗಳ ಮೇಲೆ ಕಾಲಿಟ್ಟು ನಡೆದವರು. ಬಂಡೆ ಒಂದು ಕಾಲದಲ್ಲಿ ಕಡಲಿನ ತಳವಾಗಿತ್ತು, ಆ ತಳದಲ್ಲಿ ನಿಂತು ನೀರು ಕುಡಿಯುತ್ತಿದ್ದ ಸ್ಪಂಜುಗಳೇ ಇವು ಎಂದು ನಮಗೆ ಹೇಳಿದವಳು ಡೋರ್ಕಸ್. ಅವಳಿಗೆ ಯಾರು ಹೇಳಿದರೋ, ಗಿರಣಿ ಯಜಮಾನರ ಬೆನ್ನೇ ಹೇಳಿತೋ ಗೊತ್ತಿಲ್ಲ.

ಕಲ್ಲನ್ನು ಬಿಡಿಸುವುದಕ್ಕೆ ಅವಳದೊಂದು ಉಪಾಯವಿತ್ತು. ತುಂಡನ್ನು ಮಡಕೆಗೆ ಹಾಕಿ ಮುಳುಗುವಷ್ಟು ವಿನೆಗರ್ ಸುರಿಯುತ್ತಿದ್ದಳು. ಸೀಮೆಸುಣ್ಣ ಬುರುಬುರು ನೊರೆಯಾಗಿ ಕರಗಿ ಹೋಗುತ್ತಿತ್ತು. ಸ್ಪಂಜು ಗಟ್ಟಿ, ಅದು ಹಾಗೇ ಉಳಿಯುತ್ತಿತ್ತು. ಅವಳ ಅಡುಗೆಮನೆಯ ತುಂಬ ಇಂಥ ಮಡಕೆಗಳು. ಒಮ್ಮೆ ನಮ್ಮ ಪಾದ್ರಿಗಳು ಟೀಗೆ ಬಂದವರು ಉಪ್ಪಿನಕಾಯಿ ಈರುಳ್ಳಿ ಎಂದುಕೊಂಡು ಒಂದು ಮಡಕೆಗೆ ಚಮಚ ಹಾಕಿ ಬಾಯಿಗಿಟ್ಟೂ ಬಿಟ್ಟರು. ಡೋರ್ಕಸ್ ತಡೆಯಲಿಲ್ಲ. ಪಾಪ, ಅವರು ಮರ್ಯಾದೆಗೆ ಅಗಿಯಲು ನೋಡಿದರು.

ಇನ್ನು ಜೆತ್ರೋ ಮೈನ್‌ಪ್ರೈಜ್. ನನ್ನ ಗಂಡ ಅಮೋಸ ದುಡಿಯುವ ದೋಣಿಯ ಯಜಮಾನ ಅವನೇ. ದೋಣಿಯಲ್ಲಿ ಮೂವರು: ಜೆತ್ರೋ, ಅಮೋಸ, ಮತ್ತೆ ಮಾತೇ ಆಡದ ಎನೋಕ. ಜೆತ್ರೋನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮೀಸೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು, ಹೆದರಿಕೆ ಎಲ್ಲಕ್ಕಿಂತ ದೊಡ್ಡದು. ಬಿರುಗಾಳಿಗೆ ಹೆದರುವವನಲ್ಲ. ಹೆದರುತ್ತಿದ್ದದ್ದು ಶಕುನಗಳಿಗೆ. ದೋಣಿಗೆ ಹೋಗುವ ದಾರಿಯಲ್ಲಿ ಹೆಂಗಸು ಕಂಡರೆ ಮನೆಗೆ ವಾಪಸು. ಪಾದ್ರಿ ಕಂಡರೂ ವಾಪಸು. ಇನ್ನು ಆ ಒಂದು ಪ್ರಾಣಿ. ಕೆಸರಿನಲ್ಲಿ ಹೊರಳುತ್ತದಲ್ಲ, ಗುಟುರು ಹಾಕುತ್ತದಲ್ಲ, ಬೆಳಗಿನ ತಿಂಡಿಗೆ ಮೊಟ್ಟೆಯ ಪಕ್ಕದಲ್ಲಿ ತೆಳ್ಳಗೆ ಹುರಿದು ಬಡಿಸುತ್ತೇವಲ್ಲ, ಅದು. ಅದರ ಹೆಸರನ್ನು ನಮ್ಮೂರಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಕಡಲು ಕೇಳಿಸಿಕೊಳ್ಳುತ್ತದೆ. ಬಾಯಿ ತಪ್ಪಿ ಬಂದರೆ ಓಡಿಹೋಗಿ ತಣ್ಣನೆಯ ಕಬ್ಬಿಣ ಮುಟ್ಟಬೇಕು. ನಾನೂ ಇಲ್ಲಿ ಬರೆಯುವುದಿಲ್ಲ. ಅಮೋಸ ಈಗಲೂ ಕಡಲಿಗೆ ಹೋಗುತ್ತಾನೆ.

ಡೋರ್ಕಸ್ ಬಂಡೆಗೆ ಹೋಗುವ ಹೊತ್ತೂ ಇವರು ದೋಣಿ ಇಳಿಸುವ ಹೊತ್ತೂ ಒಂದೇ ಆಗಿಬಿಡುತ್ತಿತ್ತು. ದಾರಿಯೂ ಒಂದೇ, ದೋಣಿಗಳು ನಿಲ್ಲುವ ತೆಂಕಣ ದಕ್ಕೆಯ ಇಳಿಜಾರು.

“ಎಷ್ಟು ಸಲ ಹೇಳ್ಬೇಕು ಮಾರಾಯ್ತಿ ನಿಂಗೆ?” ಎಂದು ಒಂದು ಬೆಳಿಗ್ಗೆ ಜೆತ್ರೋ ರೇಗಿದ. “ದೋಣಿ ನೀರಿಗಿಳಿಯೋ ಮೊದಲು ಹೆಂಗಸು ಎದುರು ಬರ್ಬಾರ್ದು.”

“ನಾನೆಲ್ಲಿ ಎದುರು ಬಂದೆ? ನೀನೇ ಅಲ್ವಾ ನನ್ನ ಹಿಂದಿಂದ ಬಂದದ್ದು.”

“ಎದುರಾದ್ರೂ ಹಿಂದಾದ್ರೂ ಹೆಂಗಸು ಹೆಂಗಸೇ.”

“ಹಾಗಾದ್ರೆ ನಿನ್ನನ್ನ ಹೆತ್ತದ್ದು ಯಾರು ಜೆತ್ರೋ? ಕಾಡ್ ಮೀನಾ?”

ಅಮೋಸ ನಕ್ಕುಬಿಟ್ಟ. ಅದೇ ತಪ್ಪಾಯಿತು. ಜೆತ್ರೋ ಕೆಂಪಗಾಗಿ ನಾಲ್ಕು ಹೆಜ್ಜೆಗೆ ಅವಳ ಹತ್ತಿರ ಹೋಗಿ, ಅವಳು ಹಿಂದಿನ ದಿನ ಕಷ್ಟಪಟ್ಟು ಬಿಡಿಸಿದ ಕಲ್ಲುಗಳನ್ನು ತುಂಬಿ ದಕ್ಕೆಯ ಮೂಲೆಯಲ್ಲಿ ಇಟ್ಟಿದ್ದ ಚೀಲವನ್ನು ಎತ್ತಿ ನೀರಿಗೆ ಸುರಿದ.

“ಕಡಲಿಂದ ಬಂದದ್ದು ಕಡಲಿಗೇ ಹೋಗ್ಲಿ,” ಅಂದ.

ಡೋರ್ಕಸ್ ಖಾಲಿ ಚೀಲವನ್ನು ಕೊಡವಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು. ಅಮೋಸ ಇದನ್ನು ಹೇಳಿದಾಗ ನನಗೆ ಅವಳ ಮೇಲೆ ಕನಿಕರ ಹುಟ್ಟಲಿಲ್ಲ. ಜೆತ್ರೋನ ಮೇಲೆ ಹುಟ್ಟಿತು.

ಚಳಿಗಾಲ ಮುಗಿಯುವಾಗ ಒಂದು ದೊಡ್ಡ ಬಿರುಗಾಳಿ ಬಂದು ಬಂಡೆಯ ಒಂದು ಬದಿ ಜಾರಿತು. ಡೋರ್ಕಸ್ ಅಲ್ಲಿಂದ ಒಂದು ದಪ್ಪ ತುಂಡನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಅಂಗಡಿಯ ವಿನೆಗರ್ ಎಲ್ಲ ಅವಳ ಪಾಲಾಯಿತು. ಸಾಲದೆ ನನ್ನ ಶೀಶೆಯನ್ನೂ ಒಯ್ದಳು. ಊರಿನ ಕರಿದ ಮೀನಿಗೆಲ್ಲ ರುಚಿ ಕೆಟ್ಟಿತು. ಒಂದು ದಿನ ಓಣಿಯಾಚೆಯಿಂದ ಕೂಗಿದಳು.

“ಕೆಜಿಯಾ, ಬಾ ಇಲ್ಲಿ! ಇದು ಎಂತದರ ಹಾಗೆ ಕಾಣ್ತದೆ, ಹೇಳು ನೋಡುವ.”

ಅಡುಗೆಮನೆಯ ಮೇಜಿನ ಮೇಲೆ ಒಂದು ಸ್ಪಂಜು ಕೂತಿತ್ತು. ಕೂತಿತ್ತು ಅನ್ನುವುದೇ ಸರಿ. ಗುಂಡಗಿನ, ನಸುಗೆಂಪು ತಲೆ. ಎರಡು ಬದಿಗೂ ಜೋತುಬಿದ್ದ ಎರಡು ಹಾಳೆ. ಮುಂದಕ್ಕೆ ಚಾಚಿದ ಮೋಟು ಕೊಳವೆ, ಅದರ ತುದಿ ತಟ್ಟೆಯ ಹಾಗೆ ಚಪ್ಪಟೆ, ತಟ್ಟೆಯ ನಡುವೆ ಎರಡು ತೂತು. ನನ್ನ ಕೈ ತನ್ನಿಂದ ತಾನೇ ಒಲೆಯ ಕಬ್ಬಿಣಕ್ಕೆ ಹೋಯಿತು.

“ಡೋರ್ಕಸ್!”

“ಹೇಳೇ, ಎಂತದರ ಹಾಗೆ?”

“ನನ್ನ ಬಾಯಿಂದ ಹೇಳಿಸ್ಬೇಡ. ನನ್ನ ಗಂಡ ದೋಣಿಯಲ್ಲಿದ್ದಾನೆ.”

ಅವಳು ನಗುತ್ತಾ ನಗುತ್ತಾ ಕುರ್ಚಿ ಸಿಗದೆ ನೆಲದ ಮೇಲೇ ಕೂತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ಮರುದಿನ ಬೆಳಗಾಗುವಾಗ ಅದು ಅವಳ ಗೋಡೆಯ ಮೇಲಿತ್ತು. ಮುಖ ದಕ್ಕೆಯ ದಾರಿಗೆ. ಮೊದಲು ಬಂದವನು ಎನೋಕ. ನಿಂತ, ನೋಡಿದ, ಬಂದ ದಾರಿಯಲ್ಲೇ ಓಡಿದ. ಅವನು ಓಡಿದ್ದನ್ನು ಊರು ಅದೇ ಮೊದಲ ಸಲ ಕಂಡದ್ದು. ಆಮೇಲೆ ಜೆತ್ರೋ ಬಂದ. ಬೂಟಿನ ಮೊಳೆ ಮುಟ್ಟಲು ಬಗ್ಗಿದವನು ಎಷ್ಟೋ ಹೊತ್ತು ಮೇಲೇಳಲಿಲ್ಲ. ಆ ದಿನ ಯಾವ ದೋಣಿಯೂ ನೀರಿಗಿಳಿಯಲಿಲ್ಲ.

ಒಡೆದು ಹಾಕಬಾರದಿತ್ತೇ ಎಂದು ನೀವು ಕೇಳಬಹುದು. ಒಡೆಯುವುದಕ್ಕೆ ಮುಟ್ಟಬೇಕಲ್ಲ? ಗುಡ್ಡದ ಆಚೆಯ ಹೊಲದಿಂದ ಒಬ್ಬ ಆಳನ್ನು ಪುಸಲಾಯಿಸಿ ಕರೆತಂದರು. ಅವನು ಕಲ್ಲಿನ ಮುಂದೆ ನಿಂತು, “ಅಯ್ಯೋ, ಎಷ್ಟು ಮುದ್ದಾಗಿದೆ!” ಎಂದು ಅದರ ಕಿವಿ ತುರಿಸಿ, ಹೊರಟುಹೋದ.

ದಾರಿ ಬದಲಿಸಿದರು. ಹೋಲ್ಟ್‌ಬಿಯವರ ತೋಟದ ಹಿಂದಿನಿಂದ ದಕ್ಕೆಗೆ ಒಂದು ಕಾಲುದಾರಿಯಿತ್ತು. ತಲೆತಗ್ಗಿಸಿಕೊಂಡು ಸಾಲಾಗಿ ಹೋದರು. ಬೇಲಿ ತಿರುಗಿದ ಕೂಡಲೇ ಹೋಲ್ಟ್‌ಬಿಯವರ ಕೊಟ್ಟಿಗೆ. ಕೊಟ್ಟಿಗೆಯ ತುಂಬ ನಿಜವಾದವೇ! ತಾಯಿ, ಮಕ್ಕಳು, ಮರಿಗಳು. ಊಟ ಬಂತೆಂದುಕೊಂಡು ಎಲ್ಲವೂ ಒಟ್ಟಿಗೆ ಬೇಲಿಗೆ ಮೂತಿ ಇಟ್ಟು ಸ್ವಾಗತಿಸಿದವು. ಗೋಡೆಯ ಮೇಲಿನದಕ್ಕೆ ಕಡೇಪಕ್ಷ ಸ್ವರ ಇರಲಿಲ್ಲ.

ಮರುದಿನದಿಂದ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಹಳೆಯ ದಾರಿಯಲ್ಲೇ ಹೋಗತೊಡಗಿದರು. ಎನೋಕ ನೀರಿನ ಪಂಪಿಗೆ ಡಿಕ್ಕಿ ಹೊಡೆದ. ಜೆತ್ರೋ ಕಲ್ಲಿಗೆ ಬೆನ್ನು ಕೊಟ್ಟು, ಎದುರು ಗೋಡೆಗೆ ಹೊಟ್ಟೆ ತಾಗಿಸಿ, ಏಡಿಯ ಹಾಗೆ ಅಡ್ಡಡ್ಡ ಸಾಗುತ್ತಿದ್ದ. ಎದುರು ಗೋಡೆ ನಮ್ಮದು. ನಾನು ಕಿಟಕಿಯಲ್ಲಿ ನಿಂತರೆ ಅವನ ಮೀಸೆ ಗಾಜಿಗೆ ತಾಗುವಷ್ಟು ಹತ್ತಿರ.

“ಟೀ ಕುಡಿದು ಹೋಗ್ತೀಯಾ ಜೆತ್ರೋ?” ಎಂದು ಕೇಳುತ್ತಿದ್ದೆ.

“ಬಾಯ್ಮುಚ್ಚು ಕೆಜಿಯಾ. ನೀನೂ ಹೆಂಗಸೇ.”

ಕೊನೆಗೆ ಪೊಲೀಸಿಗೆ ದೂರು ಹೋಯಿತು. ನಮ್ಮ ಕಾನ್‌ಸ್ಟೇಬಲ್ ಗಾರ್ಬಟ್ ಒಳನಾಡಿನವನು, ಡ್ರಿಫೀಲ್ಡ್ ಕಡೆಯವನು; ಕಡಲಿನವರ ಕಟ್ಟಳೆ ಒಂದೂ ಗೊತ್ತಿಲ್ಲ. ಸೈಕಲ್ ಒರಗಿಸಿ ನಮ್ಮ ಓಣಿಯ ಮಧ್ಯೆ ನಿಂತ. ಡೋರ್ಕಸ್ ಬಾಗಿಲಲ್ಲಿ ಕೂತು ಅಂಗಿ ಹೆಣೆಯುತ್ತಿದ್ದಳು. ಜೆತ್ರೋ, ಅಮೋಸ, ಎನೋಕ ನಮ್ಮ ಗೋಡೆಗೆ ಮುಖಮಾಡಿ ನಿಂತಿದ್ದರು.

“ಈ ಕಡೆ ತಿರುಗಿ ಮಾತಾಡಿ,” ಅಂದ ಗಾರ್ಬಟ್.

“ಆಗೋದಿಲ್ಲ ಸ್ವಾಮಿ,” ಅಂದ ಜೆತ್ರೋ ಗೋಡೆಗೆ.

“ಸರಿ. ಈ ಹೆಂಗಸು ಏನು ಮಾಡಿದ್ದಾಳೆ?”

“ಕಲ್ಲು ಇಟ್ಟಿದ್ದಾಳೆ.”

“ಎಲ್ಲಿ? ದಾರಿಗೆ ಅಡ್ಡಾನಾ?”

“ಅಲ್ಲ. ಅವಳ ಗೋಡೆ ಮೇಲೆ.”

“ಅವಳ ಗೋಡೆ ಮೇಲೆ ಅವಳು ಕಲ್ಲು ಇಟ್ಟಿದ್ದಾಳೆ. ಮುಂದೆ?”

“ಅದು ನಮ್ಮನ್ನ ನೋಡ್ತದೆ.”

ಗಾರ್ಬಟ್ ಟೋಪಿ ತೆಗೆದು ತಲೆ ತುರಿಸಿಕೊಂಡ. “ಕಲ್ಲು ಹೇಗಯ್ಯಾ ನೋಡುತ್ತೆ?”

“ಅದು ಬರೀ ಕಲ್ಲಲ್ಲ ಸ್ವಾಮಿ. ಅದು... ಅದರ ಹಾಗೆ ಉಂಟು.”

“ಯಾವುದರ ಹಾಗೆ?”

“ಅದೇ. ಅದರ ಹಾಗೆ.”

“ಕುರಿ ಥರಾನಾ?”

“ಅಲ್ಲ.”

“ನಾಯಿ?”

“ಅಯ್ಯೋ ಅಲ್ಲ!”

“ಬಾಯಿ ಬಿಟ್ಟು ಹೇಳೋದಕ್ಕೆ ಏನು ದಾಡಿ? ನೀವು ಹೇಳದೆ ನಾನೇನು ಕೇಸು ಬರೆಯಲಿ?”

ಜೆತ್ರೋ ಬೆವೆತುಹೋದ. ಬಾಯಿಂದ ಹೇಳುವಂತಿಲ್ಲ, ಕೈಯಿಂದ ತೋರಿಸಬಾರದೆಂದು ಯಾರೂ ಹೇಳಿಲ್ಲವಲ್ಲ? ಧೈರ್ಯ ಮಾಡಿ ಗಾರ್ಬಟ್ ಕಡೆ ತಿರುಗಿದ. ಹೆಬ್ಬೆರಳಿನಿಂದ ತನ್ನ ಮೂಗಿನ ತುದಿಯನ್ನು ಮೇಲಕ್ಕೊತ್ತಿ, ಎರಡೂ ಹೊಳ್ಳೆ ಕಾಣುವಂತೆ ಮಾಡಿ, ಗಾರ್ಬಟ್‌ನ ಮುಖವನ್ನೇ ದಿಟ್ಟಿಸಿ, “ಹೀಗೆ,” ಅಂದ.

ಒಂದು ವಿಷಯ ಹೇಳುವುದು ಬಿಟ್ಟೆ. ಗಾರ್ಬಟ್‌ಗೆ ದೇವರು ಕೊಟ್ಟ ಮೂಗೂ ಸ್ವಲ್ಪ ಹಾಗೆಯೇ ಇತ್ತು. ಶಾಲೆಯ ದಿನಗಳಿಂದ ಅದಕ್ಕಾಗಿ ಏನೇನು ಕೇಳಿಸಿಕೊಂಡಿದ್ದನೋ ಪಾಪ.

“ನನ್ನ ಮೂಗನ್ನ ಆಡಿಕೊಳ್ತೀಯಾ?” ಅಂದ ಅವನು, ಮೆಲ್ಲಗೆ.

“ನಿಮ್ಮ ಮೂಗಲ್ಲ ಸ್ವಾಮಿ! ಅದರ ಮೂಗು!”

“ಯಾವುದರದು?”

“ಅದರದು!”

ಡೋರ್ಕಸ್‌ಳ ಹೆಣಿಗೆ ಕಡ್ಡಿಗಳು ನಿಂತೇ ಇರಲಿಲ್ಲ. ಈಗ ತಲೆ ಎತ್ತಿದಳು. “ನಾನೊಂದು ಮಾತು ಹೇಳ್ತೇನೆ ಗಾರ್ಬಟ್ ಅವ್ರೇ, ಎಲ್ಲರೂ ಕೇಳಿಸ್ಕೊಳ್ಳಿ. ಆ ಕಲ್ಲು ಎಂತದರ ಹಾಗೆ ಉಂಟು ಅಂತ ಜೆತ್ರೋ ಒಂದೇ ಒಂದು ಸಲ ಬಾಯ್ಬಿಟ್ಟು ಹೇಳ್ಲಿ. ಅವತ್ತೇ ಅದನ್ನ ಒಳಗೆ ತಗೊಂಡು ಹೋಗ್ತೇನೆ. ಆಣೆ.”

ಎಲ್ಲರೂ ಜೆತ್ರೋನ ಬಾಯನ್ನೇ ನೋಡುತ್ತಿದ್ದರು. ಬಾಯಿ ತೆರೆಯಿತು, ಮೀಸೆ ಅಲುಗಿತು, ಬಾಯಿ ಮುಚ್ಚಿತು. ಗಾರ್ಬಟ್ ಸೈಕಲ್ ಹತ್ತಿದ. ಇನ್ನೊಮ್ಮೆ ಯಾರಾದರೂ ತನ್ನ ಮುಂದೆ ಮೂಗು ಮುಟ್ಟಿಕೊಂಡರೆ ಎಳೆದುಕೊಂಡು ಹೋಗುತ್ತೇನೆಂದು ಎಚ್ಚರಿಸಿ ಹೊರಟ. ಆಮೇಲೆ ಬಹಳ ದಿನ ನೆಗಡಿಯಾದವರು ಕೂಡ ಅವನೆದುರು ಮೂಗು ಒರೆಸಿಕೊಳ್ಳುತ್ತಿರಲಿಲ್ಲ.

ಬೇಸಿಗೆ ಹೀಗೇ ಕಳೆಯಿತು. ಡೋರ್ಕಸ್ ಕಲ್ಲಿಗೆ ಭಾನುವಾರ ಟೋಪಿ ಹಾಕುತ್ತಿದ್ದಳು.

ಶರತ್ಕಾಲದ ಒಂದು ಹಗಲು. ಕಡಲು ಶಾಂತವಾಗಿಯೇ ಇತ್ತು, ಆದರೆ ಆ ವಾರದ ಭರತ ದೊಡ್ಡದು, ನೀರು ಬೇಗ ಏರುತ್ತಿತ್ತು. ಡೋರ್ಕಸ್ ಕಡಲಿಗೆ ಚಾಚಿಕೊಂಡ ಬಂಡೆಯ ಆಚೆಗೆ, ಸ್ಪಂಜುಗಳು ಒತ್ತೊತ್ತಾಗಿ ಸಿಗುವ ಜಾಗಕ್ಕೆ ಹೋಗಿದ್ದಳು. ಉಳಿ ಹಿಡಿದರೆ ಅವಳಿಗೆ ಕಿವಿ ಕೇಳುವುದಿಲ್ಲ, ಕಣ್ಣು ಕಾಣುವುದಿಲ್ಲ. ತಲೆ ಎತ್ತಿದಾಗ ಎರಡೂ ಕಡೆಯ ದಾರಿ ನೀರಿನಡಿ ಹೋಗಿತ್ತು. ಹಿಂದೆ ಬಂಡೆ ಗೋಡೆಯ ಹಾಗೆ ನೆಟ್ಟಗೆ. ಹತ್ತಲು ಹಕ್ಕಿಗಳಿಗೆ ಮಾತ್ರ ಸಾಧ್ಯ.

ಮುಂದಿನದನ್ನು ಅಮೋಸ ಹೇಳಿದ್ದು. ಇವರು ಮೂವರೂ ಗಾಳದ ಹಗ್ಗಗಳನ್ನು ದೋಣಿಗೆ ಎಳೆದುಕೊಂಡು ವಾಪಸು ಬರುತ್ತಿದ್ದರು. ಅಮೋಸನೇ ಮೊದಲು ಕಂಡದ್ದು: ಬಂಡೆಯ ಬುಡದಲ್ಲಿ ಡೋರ್ಕಸ್, ಸೊಂಟದವರೆಗೆ ನೀರು, ತಲೆಯ ಮೇಲೆ ಗೋಣಿಚೀಲ.

“ಜೆತ್ರೋ, ಅಲ್ಲಿ...”

“ಕಂಡೆ,” ಅಂದ ಜೆತ್ರೋ. ಆಗಲೇ ದೋಣಿಯ ಮೂತಿ ತಿರುಗಿಸಿದ್ದ. ಹೆಂಗಸು, ಶಕುನ ಒಂದನ್ನೂ ಎತ್ತಲಿಲ್ಲವಂತೆ. ಕಲ್ಲುಗಳ ಮಧ್ಯೆ ಅಲೆಯ ಬೆನ್ನೇರಿ ದೋಣಿಯನ್ನು ಹಿಮ್ಮುಖವಾಗಿ ಅವಳ ಹತ್ತಿರ ತಂದ. ಅಲೆ ಒಂದೊಂದು ಸಲ ಬಂದಾಗಲೂ ದೋಣಿ ಬಂಡೆಗೆ ಬಡಿಯಲು ಒಂದೇ ಗೇಣು.

“ಚೀಲ ಬಿಸಾಡಿ ಕೈ ಕೊಡು!” ಎಂದು ಕೂಗಿದ.

“ಚೀಲ ಮೊದಲು ಹಿಡ್ಕೋ. ಆಮೇಲೆ ನಾನು.”

“ನಿಂಗೆ ಮಂಡೆ ಸರಿ ಉಂಟಾ? ಮುಳುಗ್ತಾ ಇದ್ದಿ!”

“ಒಂದ್ಸಲ ನನ್ನ ಚೀಲ ನೀರಿಗೆ ಸುರಿದದ್ದು ಸಾಕು. ಇದನ್ನ ಬಿಟ್ಟು ನಾನು ಬರೋದಿಲ್ಲ.”

“ಅದ್ರಲ್ಲಿ ಎಂತ ಉಂಟು?”

ಅಲೆ ಅವಳ ಎದೆಗೆ ಬಡಿಯಿತು. ಬಾಯಿಗೆ ಹೋದ ಉಪ್ಪುನೀರನ್ನು ಉಗಿದು ಡೋರ್ಕಸ್ ಹೇಳಿದಳು: “ಮರಿ.”

“ಎಂತ ಮರಿ?”

“ಗೋಡೆ ಮೇಲೆ ಉಂಟಲ್ಲ, ಅದರದ್ದು. ಪಾಪ, ಅದಕ್ಕೆ ಒಂದೇ ಇದ್ದು ಬೇಜಾರು.”

ಶುದ್ಧ ಸುಳ್ಳು. ಚೀಲದಲ್ಲಿದ್ದದ್ದು ಎರಡು ಆಲಿಕೆ, ಒಂದು ಅಣಬೆ, ಒಂದು ಹೂದಾನಿ. ಸಾವು ಕುತ್ತಿಗೆಯವರೆಗೆ ಬಂದಾಗಲೂ ಅವಳಿಗೆ ಇದೇ ಬೇಕಿತ್ತು. ಅಷ್ಟರಲ್ಲಿ ಹಿಂದಿನ ಎರಡು ಅಲೆಗಳಿಗಿಂತ ದೊಡ್ಡದೊಂದು ಏಳುವುದು ಜೆತ್ರೋಗೆ ಕಾಣಿಸಿತು. ಅವನ ಮುಖ ಸೀಮೆಸುಣ್ಣವಾಯಿತೆಂದು ಅಮೋಸ ಹೇಳುತ್ತಾನೆ. ತನಗಾಗಿ ಹೆದರಿದ ಮುಖವಲ್ಲ ಅದು, ಅವಳಿಗಾಗಿ ಹೆದರಿದ್ದು. ಅವನು ಒಂದು ಕೈಯಲ್ಲಿ ಚೀಲವನ್ನೂ ಇನ್ನೊಂದರಲ್ಲಿ ಅವಳ ಕತ್ತುಪಟ್ಟಿಯನ್ನೂ ಹಿಡಿದು ಗಂಟಲು ಬಿರಿಯುವ ಹಾಗೆ ಅರಚಿದ. ಅವನ ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆಯುತ್ತೇನೆ, ಹೊಣೆ ಅವನದು.

“ಹತ್ತು ಮಾರಾಯ್ತಿ! ನಿನ್ನ ಹಂದೀನೂ ಕರ್ಕೊಂಡು ಹತ್ತು!”

ಬಂಡೆ ಆ ಮಾತನ್ನು ಇನ್ನೊಮ್ಮೆ ಹೇಳಿತು. ಬಂಡೆಯ ಮೇಲಿದ್ದ ಕಡಲಹಕ್ಕಿಗಳೆಲ್ಲ ಎದ್ದವು. ಡೋರ್ಕಸ್ ಬಂದು ಮೀನಿನ ರಾಶಿಯ ಮೇಲೆ ಬಿದ್ದಳು, ಅವಳ ಮೇಲೆ ಚೀಲ ಬಿತ್ತು. ಅಮೋಸ ಹುಟ್ಟಿನ ಕಬ್ಬಿಣದ ಬಳೆ ಹಿಡಿದ. ಎನೋಕ ಲಂಗರನ್ನು ಎರಡೂ ಕೈಯಿಂದ ತಬ್ಬಿಕೊಂಡು ಅದರ ಮೇಲೆ ಮಲಗಿಯೇ ಬಿಟ್ಟ. ಜೆತ್ರೋ ಒಬ್ಬನೇ ಹುಟ್ಟು ಹಾಕಿ ದೋಣಿಯನ್ನು ಕಲ್ಲುಗಳಿಂದ ಹೊರತಂದ. ಆಮೇಲೆ ಎಲ್ಲರೂ ಸುಮ್ಮನೆ ಕೂತು ಕಾದರು.

ಕಡಲು ಏನೂ ಮಾಡಲಿಲ್ಲ. ಒಂದು ಹಕ್ಕಿ ಜೆತ್ರೋನ ಟೋಪಿಯ ಮೇಲೆ ಹಿಕ್ಕೆ ಹಾಕಿತು, ಅಷ್ಟೇ.

ಡೋರ್ಕಸ್ ಮುಖದ ಮೇಲಿನ ಕೂದಲು ಸರಿಸಿಕೊಂಡು, ಹಲ್ಲು ಕಟಕಟ ಅನ್ನುತ್ತಿದ್ದರೂ, ಬಹಳ ವಿನಯದಿಂದ ಕೇಳಿದಳು: “ಆಗ ಎಂತ ಹೇಳಿದ್ದು ಜೆತ್ರೋ? ಅಲೆ ಸದ್ದಲ್ಲಿ ಸರಿ ಕೇಳ್ಲಿಲ್ಲ. ಇನ್ನೊಂದ್ಸಲ ಹೇಳ್ತೀಯಾ?”

ಜೆತ್ರೋ ತನ್ನ ಉಣ್ಣೆ ಅಂಗಿಯನ್ನು ಕಳಚಿ ಅವಳ ಮುಖಕ್ಕೆ ಎಸೆದ. ಅದು ಅವಳೇ ಹೆಣೆದಿದ್ದು.

ಸ್ವಲ್ಪ ದೂರ ಬಂದ ಮೇಲೆ, ಏನಿದ್ದರೂ ನೋಡಿಯೇ ಬಿಡುತ್ತೇನೆ ಎನ್ನುವವನಂತೆ ಅವನು ಚೀಲದೊಳಗೆ ಕೈಹಾಕಿದ. ಮೊದಲು ಕಣ್ಣು ಮುಚ್ಚಿಕೊಂಡು, ಆಮೇಲೆ ಒಂದೇ ಕಣ್ಣು ತೆರೆದು. ಕೈಗೆ ಬಂದದ್ದು ಹೂದಾನಿ. ತೆಳ್ಳಗಿನ ಕುತ್ತಿಗೆ, ಅಗಲದ ಬಾಯಿ, ಬುಡದಲ್ಲಿ ಕವಲೊಡೆದ ಬೇರು.

“ಇದು ಅದರ ಹಾಗೆ ಇಲ್ವಲ್ಲ,” ಅಂದ.

“ಇಲ್ಲ.”

“ಸುಳ್ಳು ಹೇಳಿದ್ದಾ? ಅಷ್ಟು ಹೊತ್ತಲ್ಲಿ?”

“ಹೌದು.”

ಅವನು ಬೈಯಲು ಬಾಯಿ ತೆರೆದವನು ಬೇರನ್ನು ಬೆರಳಿನಿಂದ ಸವರುತ್ತಾ ಉಳಿದ. “ಇದು ನೀರಿನಡಿ ಹೇಗೆ ನಿಲ್ತಿತ್ತು? ಈ ಕಾಲು ಕೆಸರಿಗೆ ಊರಿಕೊಂಡಾ?”

“ಹೌದು, ಹಾಗೇ ಕಾಣ್ತದೆ.”

“ಹಾಗಾದ್ರೆ ತಳ ಮೆತ್ತಗಿತ್ತು. ಕಲ್ಲಿದ್ರೆ ಹೀಗೆ ಕಾಲು ಚಾಚೋದಿಲ್ಲ, ಕಚ್ಚಿ ಹಿಡಿತದೆ.” ಅದನ್ನು ತಲೆಕೆಳಗು ಮಾಡಿ ನೋಡಿ ಅಂದ, “ಮೆತ್ತಗಿನ ತಳ. ಅಲೆಯ ಜೋರೂ ಇಲ್ಲ. ಚಪ್ಪಟೆ ಮೀನಿಗೆ ಒಳ್ಳೇ ಜಾಗ ಇದ್ದಿರ್ಬೇಕು ಮಾರಾಯ್ತಿ.”

ದಕ್ಕೆ ಬರುವವರೆಗೂ ಅದನ್ನು ಕೈಯಿಂದ ಕೆಳಗಿಡಲಿಲ್ಲವಂತೆ.

ಡೋರ್ಕಸ್ ಆಣೆ ಮುರಿಯಲಿಲ್ಲ. ಒದ್ದೆ ಬಟ್ಟೆಯಲ್ಲೇ ಗೋಡೆಯ ಮೇಲಿನ ಕಲ್ಲನ್ನು ಎತ್ತಿ ಒಳಗೆ ಒಯ್ದಳು. ಊರಿಗೆ ಊರೇ ಬಾಯಿ ಬಿಟ್ಟು ನೋಡಿತು. ಕಾರಣ ಯಾರಿಗೂ ತಿಳಿಯಬಾರದೆಂದು ಜೆತ್ರೋ ದೋಣಿಯ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದ. ಎನೋಕನಿಂದ ಯಾವ ಭಯವೂ ಇರಲಿಲ್ಲ. ಅಮೋಸನಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ರೊಟ್ಟಿಗೆ ಬೆಣ್ಣೆ ಹಚ್ಚುವುದು ಸ್ವಲ್ಪ ತಡಮಾಡಿದರೆ ಸಾಕು, ಎಲ್ಲ ಹೊರಗೆ ಬರುತ್ತದೆ. ಆ ವಾರ ಮೀನು ಎಂದಿನಷ್ಟೇ ಸಿಕ್ಕಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದೇ ಜೆತ್ರೋನನ್ನು ಬಹಳ ಕಾಡಿತು. “ಇಷ್ಟು ವರ್ಷ ನಾವು ಬಾಯಿ ಕಟ್ಟಿಕೊಂಡಿದ್ದು ಯಾರಿಗೋಸ್ಕರ?” ಎಂದು ಅಮೋಸನನ್ನು ಕೇಳಿದನಂತೆ. ಎನೋಕನಿಗೆ ಮಾತ್ರ ಹಲ್ಲುನೋವು ಬಂತು. ಅದು ಆ ಮಾತಿನಿಂದಲೇ ಎಂದು ಅವನು ಕೈಸನ್ನೆಯಲ್ಲಿ ವಾದಿಸುತ್ತಾನೆ.

ಅಲ್ಲಿಂದಾಚೆಗೆ ಒಂದು ವಿಚಿತ್ರ ಶುರುವಾಯಿತು. ಡೋರ್ಕಸ್ ಬಂಡೆಯಿಂದ ಬರುವ ಹೊತ್ತಿಗೆ ಜೆತ್ರೋ ದಕ್ಕೆಯಲ್ಲಿ ಏನೋ ಕೆಲಸ ಹುಡುಕಿಕೊಂಡು ನಿಂತಿರುತ್ತಿದ್ದ, ಅವಳ ಚೀಲವನ್ನು ಇಳಿಜಾರು ಹತ್ತಿಸಿ ಕೊಡುತ್ತಿದ್ದ. ಊರಿನ ಹೆಂಗಸರು ಕಿವಿ ಕಚ್ಚಿ ಮಾತಾಡಿಕೊಂಡರು. “ಮದುವೆ ಯಾವಾಗ?” ಎಂದು ನಾನೇ ಡೋರ್ಕಸ್‌ಳನ್ನು ಕೇಳಿದೆ.

“ಮದುವೆಯಾ? ಅವನು ಚೀಲ ಹೊರೋದು ನಾನು ಬಾಯ್ಬಿಡ್ಬಾರ್ದು ಅಂತ,” ಅಂದಳು.

“ನೀನು ಬಾಯ್ಬಿಡ್ತೀಯಾ?”

“ಛೆ! ಚೀಲ ಹೊರೋರು ಯಾರು ಆಮೇಲೆ?”

ಆದರೆ ಜೆತ್ರೋ ಬರೀ ಹೊರುತ್ತಿರಲಿಲ್ಲ. ಮೇಲೆ ಬಂದು ಒಂದೊಂದನ್ನೂ ತೆಗೆದು ನೋಡುತ್ತಿದ್ದ. ಚಳಿಗಾಲ ಮುಗಿಯುವುದರೊಳಗೆ ಅವನ ಬಳಿಯೂ ಸುತ್ತಿಗೆ ಬಂತು. ಅವನಿಗೆ ದೋಣಿಯಿತ್ತು, ಅವಳ ಕಾಲು ತಲುಪದ ಗುಹೆ, ಕೊರಕಲುಗಳಿಗೆಲ್ಲ ಹೋದ. ಇಬ್ಬರಿಗೂ ಜಗಳ. ಅವನು ಆಲಿಕೆ ಅಂದರೆ ಅವಳು ಹೂದಾನಿ ಅನ್ನುತ್ತಿದ್ದಳು. ಅಂಗಡಿಯವನು ವಿನೆಗರ್ ಪೀಪಾಯಿಗಟ್ಟಲೆ ತರಿಸತೊಡಗಿದ.

ಒಂದು ವಸಂತದಲ್ಲಿ ಅವನಿಗೆ ಒಂದು ಸಿಕ್ಕಿತು. ನಾನು ಕಂಡಿದ್ದೇನೆ, ಅಂಥದನ್ನು ಮತ್ತೆ ಕಂಡಿಲ್ಲ. ತೋಳಿನಷ್ಟು ಎತ್ತರದ ಹೂದಾನಿ, ಒಂದು ಕಡೆಯೂ ಮುಕ್ಕಾಗಿಲ್ಲ, ಬೇರುಗಳು ಕೂದಲೆಳೆಯವರೆಗೂ ಇವೆ. ಅದನ್ನು ಓಣಿಯ ತುದಿಯಲ್ಲಿರುವ ತನ್ನ ಮನೆಯ ಬೀದಿಬದಿ ಕಿಟಕಿಯಲ್ಲಿಟ್ಟ. ಊರೆಲ್ಲ ಬಂದು ನೋಡಿತು. ಡೋರ್ಕಸ್ ಹತ್ತಿರ ಬರುವುದು ಕಂಡ ಕೂಡಲೇ ಮಾತ್ರ ಒಳಗಿನಿಂದ ಪರದೆ ಸರ್ರನೆ ಎಳೆಯುತ್ತಿದ್ದ.

ಅವಳು ಒಂದು ದಿನ ಏಡಿಯ ಕಡುಬು ಕೊಡುವ ನೆಪದಲ್ಲಿ ಹೋದಳು. ಕಡುಬು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಇನ್ನೊಂದು ದಿನ ಅಂಗಿಯ ಅಳತೆ ಎಂದು ಹೋದಳು. ಅವನು ಅಂಗಳದಲ್ಲೇ ಕೈ ಚಾಚಿ ನಿಂತ. ನಮ್ಮ ಮಹಡಿಯ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು, ಅಮೋಸನ ದುರ್ಬೀನು ಹಿಡಿದು ಮಧ್ಯಾಹ್ನವಿಡೀ ಕೂತದ್ದೂ ಉಂಟು.

“ಬೇರು ಕಾಣ್ತದಾ?” ಎಂದು ಕೆಳಗಿನಿಂದ ಕೇಳಿದೆ.

“ಅವನ ಮೀಸೆ ಕಾಣ್ತದೆ. ನಗ್ತಾ ಇದ್ದಾನೆ, ಹಾಳಾದವನು.”

ಕೊನೆಗೆ ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬಂದವಳು ನೆಪ ಯಾವುದೂ ಇಲ್ಲದೆ, ಬಾಗಿಲು ತಟ್ಟದೆ, ಅವನ ಮನೆಯೊಳಗೆ ನೇರ ನಡೆದಳು. ನಾನು ಕಿಟಕಿಯಲ್ಲೇ ಇದ್ದೆ. ಮೊದಲು ಜಗಳ ಕೇಳಿಸಿತು, ಆಮೇಲೆ ಟೀ ಕೆಟಲಿನ ಸದ್ದು, ಆಮೇಲೆ ಏನೂ ಇಲ್ಲ. ಅವಳು ಹೊರಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ.

“ಹೇಗುಂಟು?” ಅಂದೆ.

“ಪರವಾಗಿಲ್ಲ,” ಅಂದಳು. ಅವಳ ಬಾಯಿಂದ ಅದು ದೊಡ್ಡ ಮಾತು. “ಆದರೆ ಅದು ಹೂದಾನಿ ಅಲ್ಲ, ಆಲಿಕೆ. ಮುಂದಿನ ಭಾನುವಾರ ಹೋಗಿ ಮನವರಿಕೆ ಮಾಡ್ಬೇಕು.”

ಅದಾಗಿ ಕೆಲವು ವರ್ಷಗಳಾದವು. ಅವನಿಗೆ ಇನ್ನೂ ಮನವರಿಕೆಯಾಗಿಲ್ಲ. ಅವಳು ಪ್ರತಿ ಭಾನುವಾರ ಹೋಗುತ್ತಾಳೆ, ಒಂದು ಕೈಯಲ್ಲಿ ಕಡುಬು, ಇನ್ನೊಂದು ಕೈಯಲ್ಲಿ ತನ್ನ ಕಡೆಯ ಸಾಕ್ಷಿಗೆಂದು ಯಾವುದಾದರೂ ಒಂದು ಸ್ಪಂಜು. ಪರದೆ ಮಾತ್ರ ಈಗಲೂ ಎಳೆದೇ ಇರುತ್ತದೆ. ಅದು ನನ್ನ ಕಾಟಕ್ಕೆ ಎಂದು ಅಮೋಸ ಹೇಳುತ್ತಾನೆ.